ಓದಿನ ಏಣಿ: ಮೊದಲ ಮೆಟ್ಟಿಲಲ್ಲೇ ಇನ್ನೂರು ವರ್ಷದ ಜಗಳ

ಒಂದನೇ ತರಗತಿಗೆ ಒಂದು ಪುಸ್ತಕ, ಎರಡನೇ ತರಗತಿಗೆ ಇನ್ನೊಂದು. ವರ್ಷ ಕಳೆದಂತೆ ಪುಸ್ತಕ ದಪ್ಪಗಾಗುತ್ತದೆ, ಅಕ್ಷರ ಸಣ್ಣದಾಗುತ್ತದೆ, ಚಿತ್ರಗಳು ಕಡಿಮೆಯಾಗುತ್ತವೆ. ಜೂನ್ ತಿಂಗಳಲ್ಲಿ ಹೊಸ ಪುಸ್ತಕಕ್ಕೆ ರಟ್ಟು ಹಾಕಿ ಹೆಸರು ಬರೆದವರಿಗೆಲ್ಲ ಇದು ಮಳೆ ಬಿಸಿಲಿನಷ್ಟೇ ಸಹಜ. ಇದನ್ನೂ ಯಾರೋ ಕುಳಿತು ಯೋಚಿಸಿ ಕಂಡುಹಿಡಿದಿರಬೇಕು ಎಂಬುದು ಹೊಳೆಯುವುದೇ ಇಲ್ಲ.

ಹಾಗೆ ನೋಡಿದರೆ ತರಗತಿಗೊಂದು ಓದಿನ ಪುಸ್ತಕ ಎಂಬ ಕಲ್ಪನೆ ಅಷ್ಟೇನೂ ಹಳೆಯದಲ್ಲ. ಅಮೆರಿಕದಲ್ಲಿ ಅದು ಬೇರೂರಿದ್ದು 1836ರ ನಂತರ. ಇಂದು ಆ ದೇಶದ ಶಾಲೆಗಳಲ್ಲಿ ಓದು, ಬರಹ, ಮಾತು, ಆಲಿಕೆ ನಾಲ್ಕನ್ನೂ ಸೇರಿಸಿ 'ಇಂಗ್ಲಿಷ್ ಲ್ಯಾಂಗ್ವೇಜ್ ಆರ್ಟ್ಸ್' ಎಂಬ ಒಂದೇ ವಿಷಯವಾಗಿ ಕಲಿಸುತ್ತಾರೆ. ಅದಕ್ಕಾಗಿ ತಯಾರಾಗುವ ಪುಸ್ತಕ, ಅಭ್ಯಾಸ ಹಾಳೆ, ಕಾರ್ಡು, ಶಿಕ್ಷಕರ ಕೈಪಿಡಿಗಳು ದೊಡ್ಡ ಉದ್ಯಮವೇ ಆಗಿವೆ. ಆದರೆ ಈ ಸರಂಜಾಮಿನ ಬುಡದಲ್ಲಿ ಇನ್ನೂರು ವರ್ಷಗಳಿಂದ ನಡೆಯುತ್ತಿರುವ ಒಂದು ಜಗಳವಿದೆ. ಮಗು ಓದಲು ಆರಂಭಿಸಬೇಕಾದದ್ದು ಅಕ್ಷರದಿಂದಲೋ, ಪದದಿಂದಲೋ? ಕೇಳಲು ಇದು ಪಂಡಿತರ ಚರ್ಚೆಯಂತಿದೆ. ಆದರೆ ತಪ್ಪು ಉತ್ತರಕ್ಕೆ ಬೆಲೆ ತೆತ್ತವರು ಮಕ್ಕಳು.

ಕೊಂಬಿನ ಹಲಗೆ

ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದವರು ತಮ್ಮೊಡನೆ ಒಯ್ದ ಕಲಿಕೆಯ ಸಾಧನಗಳಲ್ಲಿ ಮುಖ್ಯವಾದದ್ದು ಹಾರ್ನ್‌ಬುಕ್. ಹೆಸರಿಗೆ ಬುಕ್ ಆದರೂ ಅದು ಪುಸ್ತಕವಲ್ಲ. ಹಿಡಿಕೆ ಇರುವ ಮರದ ಪುಟ್ಟ ಹಲಗೆ, ಅದರ ಮೇಲೆ ಅಂಟಿಸಿದ ಒಂದು ಹಾಳೆ. ಮಕ್ಕಳ ಕೈಗೆ ಸಿಕ್ಕಿ ಹರಿಯದಿರಲೆಂದು ಅದರ ಮೇಲೆ ಪ್ರಾಣಿಯ ಕೊಂಬನ್ನು ತೆಳುವಾಗಿ ಸೀಳಿ ಮಾಡಿದ ಪಾರದರ್ಶಕ ಹೊದಿಕೆ. ಹಾಳೆಯಲ್ಲಿ ಇರುತ್ತಿದ್ದದ್ದು ಇಂಗ್ಲಿಷ್ ವರ್ಣಮಾಲೆ, 'ಅಬ್, ಎಬ್, ಇಬ್' ಎಂಬಂಥ ಉಚ್ಚಾರಾಂಶಗಳು, ಒಂದು ಪ್ರಾರ್ಥನೆ. ಅಷ್ಟೇ.

ಆ ವಲಸಿಗರಿಗೆ ಓದು ಬೇಕಾಗಿದ್ದದ್ದು ಬೈಬಲ್ ತಿಳಿಯಲು. ಐವತ್ತು ಮನೆಗಳಿರುವ ಪ್ರತಿ ಊರೂ ಓದು ಬರಹ ಕಲಿಸಲು ಒಬ್ಬ ಶಿಕ್ಷಕನನ್ನು ನೇಮಿಸಬೇಕೆಂದು ಮ್ಯಾಸಚೂಸೆಟ್ಸ್ 1647ರಲ್ಲೇ ಕಾನೂನು ಮಾಡಿತು. ಜನ ಧರ್ಮಗ್ರಂಥ ಓದದಂತೆ ತಡೆಯುವುದೇ ಸೈತಾನನ ಹುನ್ನಾರ ಎಂದು ಆ ಕಾನೂನಿನ ಪೀಠಿಕೆ ಸಾರಿತ್ತು. ಬೋಸ್ಟನ್ನಿನ ಮುದ್ರಕ ಬೆಂಜಮಿನ್ ಹ್ಯಾರಿಸ್ 1690ರ ಹೊತ್ತಿಗೆ ಹೊರತಂದ 'ನ್ಯೂ ಇಂಗ್ಲೆಂಡ್ ಪ್ರೈಮರ್' ಇದೇ ದಾರಿಯ ಪುಸ್ತಕ. ಪ್ರತಿ ಅಕ್ಷರಕ್ಕೂ ಒಂದು ಚಿತ್ರ, ಒಂದು ಪ್ರಾಸದ ಸಾಲು. ಆದಿಮಾನವ ಆಡಮನ ಪಾಪದಿಂದಲೇ ಮೊದಲ ಅಕ್ಷರ ಶುರು. ಐದು ವರ್ಷದ ಮಗುವಿಗೂ ಹದಿನೈದರ ಹುಡುಗನಿಗೂ ಅದೊಂದೇ ಪುಸ್ತಕ. ಮಗುವಿಗೆ ಏನು ಗೊತ್ತಿದೆ, ಏನು ಇಷ್ಟ ಎಂದು ಅಂದಿನ ಪುಸ್ತಕಗಳು ಕೇಳಿಕೊಳ್ಳಲಿಲ್ಲ.

ನೀಲಿ ಹೊದಿಕೆಯ ಪುಸ್ತಕ

1783ರಲ್ಲಿ ಅಮೆರಿಕದ ಸ್ವಾತಂತ್ರ್ಯ ಸಮರ ಮುಗಿದ ವರ್ಷವೇ ನೋವಾ ವೆಬ್‌ಸ್ಟರ್ ಎಂಬ ಇಪ್ಪತ್ತೈದರ ಮೇಷ್ಟ್ರು ಹಾರ್ಟ್‌ಫರ್ಡ್‌ನಲ್ಲಿ ಒಂದು ಕಾಗುಣಿತ ಪುಸ್ತಕ ಪ್ರಕಟಿಸಿದ. ಮುಂದೆ ನಿಘಂಟಿಗೆ ತನ್ನ ಹೆಸರನ್ನೇ ಕೊಟ್ಟ ವೆಬ್‌ಸ್ಟರ್ ಈತನೇ. ರಾಜಕೀಯವಾಗಿ ಬಿಡುಗಡೆ ಪಡೆದ ದೇಶ ಭಾಷೆಯಲ್ಲೂ ಲಂಡನ್ನಿನ ಕೈ ನೋಡಬಾರದು ಎಂಬುದು ಆತನ ಹಟ. ಮುಂದಿನ ಎರಡು ವರ್ಷಗಳಲ್ಲಿ ವ್ಯಾಕರಣ ಮತ್ತು ಪಠ್ಯಭಾಗಗಳೂ ಬಂದವು. ಹೀಗೆ ಕಾಗುಣಿತ, ವ್ಯಾಕರಣ, ವಾಚನ ಎಂಬ ಮೂರು ಮೆಟ್ಟಿಲುಗಳ ಸರಣಿಯೊಂದು ಸಿದ್ಧವಾಯಿತು.

ಮೂರರಲ್ಲಿ ಗೆದ್ದದ್ದು ಮೊದಲನೆಯದು. ನೀಲಿ ಕಾಗದದ ಹೊದಿಕೆಯಿದ್ದ ಅದನ್ನು ಜನ 'ಬ್ಲೂ ಬ್ಯಾಕ್ ಸ್ಪೆಲ್ಲರ್' ಎಂದೇ ಕರೆದರು. ನೂರು ವರ್ಷಗಳಲ್ಲಿ ಅದರ ಪ್ರತಿಗಳು ಕೋಟಿಗಟ್ಟಲೆ ಮಾರಾಟವಾದವು. ತನ್ನ ಪುಸ್ತಕವನ್ನು ಯಾರೂ ಕದ್ದು ಮುದ್ರಿಸಬಾರದೆಂದು ವೆಬ್‌ಸ್ಟರ್ ರಾಜ್ಯದಿಂದ ರಾಜ್ಯಕ್ಕೆ ಅಲೆದು ಕೃತಿಸ್ವಾಮ್ಯ ಕಾನೂನುಗಳಿಗಾಗಿ ಒತ್ತಾಯಿಸಿದ. 1790ರಲ್ಲಿ ಅಮೆರಿಕ ಇಡೀ ದೇಶಕ್ಕೆ ಅನ್ವಯಿಸುವ ಕೃತಿಸ್ವಾಮ್ಯ ಕಾಯಿದೆ ತಂದಿತು. 1828ರಲ್ಲಿ ಬಂದ ಆತನ 70,000 ಪದಗಳ ನಿಘಂಟಿನ ಹಿಂದೆ ಈ ಚಿಕ್ಕ ಪುಸ್ತಕದ ಗೌರವಧನದ ಆಸರೆಯಿತ್ತು.

ಈ ನೀಲಿ ಪುಸ್ತಕ ಯಾರ ಕೈಗೆ ಸಿಗಬಾರದೆಂದು ಕಾನೂನು ಹೇಳಿತ್ತೋ ಅವರ ಕೈಗೂ ಅದು ಸಿಕ್ಕಿತು. ಗುಲಾಮರಿಗೆ ಬರೆಯಲು ಕಲಿಸುವುದನ್ನು ದಕ್ಷಿಣ ಕ್ಯಾರೊಲಿನಾ 1740ರಲ್ಲೇ ಅಪರಾಧ ಎಂದು ಸಾರಿತ್ತು. 1830ರ ಆಸುಪಾಸಿನಲ್ಲಿ ಜಾರ್ಜಿಯಾ, ಉತ್ತರ ಕ್ಯಾರೊಲಿನಾ, ವರ್ಜೀನಿಯಾಗಳು ಓದು ಕಲಿಸುವುದಕ್ಕೂ ನಿರ್ಬಂಧ ಹಾಕಿದವು. ಬಾಲ್ಟಿಮೋರ್‌ನಲ್ಲಿ ಗುಲಾಮನಾಗಿದ್ದ ಬಾಲಕ ಫ್ರೆಡೆರಿಕ್ ಡಗ್ಲಾಸ್‌ಗೆ ಯಜಮಾನಿ ಎ ಬಿ ಸಿ ಹೇಳಿಕೊಡಲು ಆರಂಭಿಸಿದಾಗ ಆಕೆಯ ಗಂಡ ತಡೆದ. ಓದು ಬಂದರೆ ಗುಲಾಮ ಗುಲಾಮನಾಗಿ ಉಳಿಯುವುದಿಲ್ಲ ಎಂಬುದು ಅವನ ವಾದ. ಬಾಲಕನಿಗೆ ಓದಿನ ಬೆಲೆ ಏನೆಂಬುದು ಅಲ್ಲಿಯೇ ಗೊತ್ತಾಯಿತು. ಬೀದಿಯ ಬಿಳಿ ಹುಡುಗರಿಗೆ ರೊಟ್ಟಿ ಕೊಟ್ಟು ಅವರಿಂದ ಪಾಠ ಹೇಳಿಸಿಕೊಂಡ. ವೆಬ್‌ಸ್ಟರನ ಪುಸ್ತಕದ ಅಕ್ಷರಗಳನ್ನು ನೋಡಿ ನೋಡಿ ತಿದ್ದಿದ. ಮುಂದೆ ಅಮೆರಿಕದ ಮಹಾ ವಾಗ್ಮಿಯಾದ ಡಗ್ಲಾಸ್ 1845ರ ತನ್ನ ಆತ್ಮಕಥೆಯಲ್ಲಿ ಇದನ್ನೆಲ್ಲ ಬರೆದಿದ್ದಾನೆ.

ಅಂತರ್ಯುದ್ಧ ಮುಗಿದು ಗುಲಾಮಗಿರಿ ಅಳಿದ ಮೇಲೆ ಅಜ್ಜಂದಿರೂ ಮೊಮ್ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಇಂಥ ಕಾಗುಣಿತ ಪುಸ್ತಕಗಳನ್ನು ತಿರುವಿದರು. ಕರಿಯ ಜನರ ನಾಯಕನಾಗಿ ಬೆಳೆದ ಬೂಕರ್ ಟಿ. ವಾಷಿಂಗ್ಟನ್ನನ ಮೊದಲ ಪುಸ್ತಕವೂ ತಾಯಿ ಹೇಗೋ ಸಂಪಾದಿಸಿ ತಂದುಕೊಟ್ಟ ಇದೇ ನೀಲಿ ಪುಸ್ತಕ.

ಮದ್ರಾಸಿನ ಮರಳು

ಪುಸ್ತಕ ಇದ್ದರೆ ಸಾಲದು. ನೂರಾರು ಮಕ್ಕಳಿಗೆ ಕಲಿಸುವುದು ಹೇಗೆ? ಅಮೆರಿಕದ ನಗರಗಳಿಗೆ ಇದಕ್ಕೆ ಬಂದ ಒಂದು ಉತ್ತರದ ಮೂಲ ನಮ್ಮ ಕಡೆಯದು. ಮದ್ರಾಸಿನ ಅನಾಥಾಲಯವೊಂದರ ಮೇಲ್ವಿಚಾರಕನಾಗಿದ್ದ ಪಾದ್ರಿ ಆಂಡ್ರ್ಯೂ ಬೆಲ್, ಇಲ್ಲಿನ ಊರಶಾಲೆಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡ. ಅದನ್ನು ತನ್ನ ಶಾಲೆಗೆ ತಂದು, ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಈ ಬಗ್ಗೆ ಪುಸ್ತಕವನ್ನೂ ಅಚ್ಚು ಹಾಕಿಸಿದ. ಅಲ್ಲಿನ ಜೋಸೆಫ್ ಲ್ಯಾಂಕಾಸ್ಟರ್ ಇಂಥದೇ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದ. ನ್ಯೂಯಾರ್ಕಿನ ಬಡಮಕ್ಕಳ ಶಾಲೆ 1806ರಲ್ಲಿ ಆತನ ವಿಧಾನವನ್ನು ಒಪ್ಪಿಕೊಂಡಿತು. ಪುಸ್ತಕದ ಪುಟಗಳನ್ನು ದಪ್ಪಕ್ಷರದಲ್ಲಿ ಮುದ್ರಿಸಿ ಗೋಡೆಗೆ ತೂಗುಹಾಕಿದರೆ ಒಂದೇ ಪುಸ್ತಕ ಇಡೀ ಶಾಲೆಗೆ ಸಾಕು ಎಂಬುದು ಲ್ಯಾಂಕಾಸ್ಟರನ ಲೆಕ್ಕಾಚಾರ. ಇಂದಿನ ಶಾಲಾ ಗೋಡೆಯ ಚಾರ್ಟುಗಳ ಪೂರ್ವಜ ಇದು.

ಇದಕ್ಕೆ ಬಳ್ಳಾರಿಯ ಸಾಕ್ಷಿಯೂ ಇದೆ. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಜಿಲ್ಲೆಯ ಶಾಲೆಗಳ ಬಗ್ಗೆ ವರದಿ ಬರೆದ. ಆತ ಲೆಕ್ಕ ಹಾಕಿದ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಇಂಗ್ಲಿಷಿನದು ಒಂದೇ ಒಂದು. ಕಡಿಮೆ ಖರ್ಚಿನಲ್ಲಿ ಬರಹ ಕಲಿಸುವ ಇಲ್ಲಿನ ರೀತಿ, ಮುಂದಿರುವವರು ಹಿಂದಿರುವವರಿಗೆ ಹೇಳಿಕೊಡುವ ಪದ್ಧತಿ ಮೆಚ್ಚತಕ್ಕದ್ದು, ಇಂಗ್ಲೆಂಡ್ ಅದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದು ಆತ ಹೇಳಿದ. ಜೊತೆಗೊಂದು ದೂರನ್ನೂ ದಾಖಲಿಸಿದ. ಮಕ್ಕಳು ಬಾಯಿಪಾಠ ಮಾಡುವ ಪದ್ಯಗಳ ಭಾಷೆಗೂ ಆಡುಮಾತಿಗೂ ಬಹಳ ದೂರ, ಹಾಗಾಗಿ ಗಟ್ಟಿಯಾಗಿ ಒಪ್ಪಿಸುತ್ತಾರೆಯೇ ಹೊರತು ಅರ್ಥ ತಿಳಿಯದು ಎಂದ. ಉಚ್ಚರಿಸುವುದು ಬೇರೆ, ಅರ್ಥ ಮಾಡಿಕೊಳ್ಳುವುದು ಬೇರೆ. ಅಮೆರಿಕದ ಜಗಳವೂ ಮುಂದೆ ಇಲ್ಲಿಗೇ ಬಂದು ನಿಂತಿತು.

ಮೆಕ್‌ಗಫಿಯ ಆರು ಮೆಟ್ಟಿಲು

ಸಿನ್ಸಿನಾಟಿಯ ಟ್ರೂಮನ್ ಅಂಡ್ ಸ್ಮಿತ್ ಎಂಬ ಪ್ರಕಾಶನ ಸಂಸ್ಥೆಗೆ ಪಶ್ಚಿಮದ ಹೊಸ ವಸತಿಗಳಲ್ಲಿ ಹುಟ್ಟುತ್ತಿದ್ದ ಶಾಲೆಗಳು ಮಾರುಕಟ್ಟೆಯಾಗಿ ಕಂಡವು. ಒಹಾಯೊದ ಮಯಾಮಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ವಿಲಿಯಂ ಹೋಮ್ಸ್ ಮೆಕ್‌ಗಫಿಗೆ ಸಂಸ್ಥೆ ಕೆಲಸ ಒಪ್ಪಿಸಿತು. 1836ರಲ್ಲಿ ಮೊದಲ ಮತ್ತು ಎರಡನೇ 'ರೀಡರ್'ಗಳು, ಮರುವರ್ಷ ಮೂರು ಮತ್ತು ನಾಲ್ಕನೆಯವು ಹೊರಬಂದವು. ಐದನೆಯದನ್ನು 1844ರಲ್ಲಿ ಆತನ ತಮ್ಮ ಅಲೆಕ್ಸಾಂಡರ್ ಸಿದ್ಧಪಡಿಸಿದ. ಆರನೆಯದು ಬಂದದ್ದು 1857ರಲ್ಲಿ. ಅಕ್ಕಪಕ್ಕದ ಮನೆಯ ಮಕ್ಕಳನ್ನು ಸೇರಿಸಿ ಅವರ ಮುಂದೆ ಪಾಠಗಳನ್ನು ಪರೀಕ್ಷಿಸಿಯೇ ಮೆಕ್‌ಗಫಿ ಅಂತಿಮಗೊಳಿಸುತ್ತಿದ್ದ ಎಂದು ಹೇಳುತ್ತಾರೆ.

ಇಲ್ಲಿ ಏಣಿ ಸ್ಪಷ್ಟವಾಗಿ ಕಾಣುತ್ತದೆ. ಮೊದಲ ಪುಸ್ತಕದಲ್ಲಿ ನಾಯಿ, ಬೆಕ್ಕು, ಚೆಂಡು, ಪುಟ್ಟ ವಾಕ್ಯ. ಮೇಲೆ ಹೋದಂತೆ ನೀತಿಕಥೆ, ಚರಿತ್ರೆ, ಕೊನೆಗೆ ಷೇಕ್ಸ್‌ಪಿಯರ್ ಹಾಗೂ ಪ್ರಸಿದ್ಧ ಭಾಷಣಗಳು. ಗಟ್ಟಿಯಾಗಿ, ಭಾವತುಂಬಿ ಓದುವುದಕ್ಕೆ ಸೂಚನೆಗಳು. ಈ ಸರಣಿಯ ಸುಮಾರು 12 ಕೋಟಿ ಪ್ರತಿಗಳು ಮಾರಾಟವಾದವೆಂದು ಅಂದಾಜು. ಒಪ್ಪಂದದ ಪ್ರಕಾರ ಮೆಕ್‌ಗಫಿಗೆ ಸಿಗಬೇಕಾಗಿದ್ದ ಗೌರವಧನದ ಗರಿಷ್ಠ ಮಿತಿ ಮಾತ್ರ 1,000 ಡಾಲರ್!

ಪುಸ್ತಕಕ್ಕೆ ಮೆಟ್ಟಿಲುಗಳು ಬಂದ ಕಾಲಕ್ಕೇ ಶಾಲೆಗೂ ಬಂದವು. ಅಲ್ಲಿಯವರೆಗೆ ಎಲ್ಲ ವಯಸ್ಸಿನವರೂ ಒಂದೇ ಕೋಣೆಯಲ್ಲಿ ಕೂರುತ್ತಿದ್ದರು. 1840ರ ದಶಕದ ಕೊನೆಗೆ ಬೋಸ್ಟನ್ನಿನ ಕ್ವಿನ್ಸಿ ಶಾಲೆ ತರಗತಿಗೊಂದು ಕೋಣೆ, ಕೋಣೆಗೊಬ್ಬ ಶಿಕ್ಷಕರು ಎಂಬ ಏರ್ಪಾಡು ಮಾಡಿತು. ಅದುವರೆಗೆ ಮಗು ಮೊದಲ ಪುಸ್ತಕ ಮುಗಿಸಿದಾಗ ಎರಡನೆಯದಕ್ಕೆ ಹೋಗುತ್ತಿತ್ತು. ಈಗ ಕ್ಯಾಲೆಂಡರ್ ಬದಲಾದಾಗ ಹೋಗಬೇಕು. 'ಹಿಂದುಳಿದ ಮಗು' ಎಂಬ ಮಾತಿಗೆ ಇಂದಿನ ಅರ್ಥ ಬಂದದ್ದು ಇಲ್ಲಿಂದ.

ಅಕ್ಷರವೋ, ಪದವೋ?

ಈಗ ಜಗಳಕ್ಕೆ ಬರೋಣ. ಕನ್ನಡದ ಮಗುವಿಗೆ ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳನ್ನು ಕಲಿಯುವುದು ದೀರ್ಘ ಕೆಲಸ. ಆದರೆ ಒಮ್ಮೆ ಕಲಿತರೆ ಯಾವ ಪದವನ್ನಾದರೂ ಓದಬಹುದು. 'ಕ' ಎಲ್ಲಿದ್ದರೂ 'ಕ'ವೇ. ಇಂಗ್ಲಿಷ್ ಹಾಗಲ್ಲ. ಅಕ್ಷರ 26, ಅವು ಹೊರಬೇಕಾದ ಧ್ವನಿಗಳು ಸುಮಾರು 44. 'ಸಿ' ಅಕ್ಷರ ಕ್ಯಾಟ್‌ನಲ್ಲಿ 'ಕ', ಸಿಟಿಯಲ್ಲಿ 'ಸ'. 'ಓ, ಯು, ಜಿ, ಎಚ್' ಎಂಬ ನಾಲ್ಕಕ್ಷರದ ಗುಂಪು 'ತ್ರೂ' ಎಂಬಲ್ಲಿ ಒಂದು ಬಗೆ, 'ಟಫ್' ಎಂಬಲ್ಲಿ ಇನ್ನೊಂದು ಬಗೆ. ಜೊತೆಗೆ 'ಸಿ-ಎ-ಟಿ' ಎಂದು ಅಕ್ಷರಗಳ ಹೆಸರನ್ನು ಎಷ್ಟು ವೇಗವಾಗಿ ಹೇಳಿದರೂ 'ಕ್ಯಾಟ್' ಆಗುವುದಿಲ್ಲ.

ಮ್ಯಾಸಚೂಸೆಟ್ಸ್‌ನ ಶಿಕ್ಷಣ ಮಂಡಳಿಯ ಕಾರ್ಯದರ್ಶಿ ಹೊರೇಸ್ ಮ್ಯಾನ್‌ಗೆ ಈ ಅಕ್ಷರಪಾಠ ಮಕ್ಕಳ ಹಿಂಸೆಯಾಗಿ ಕಂಡಿತು. ಜೀವವಿಲ್ಲದ ಅಸ್ಥಿಪಂಜರಗಳಂಥ ಅಕ್ಷರಗಳ ಮುಂದೆ ಮಗುವನ್ನು ನಿಲ್ಲಿಸುವ ಬದಲು ಅರ್ಥವಿರುವ ಇಡೀ ಪದವನ್ನೇ ಮೊದಲು ತೋರಿಸಿ ಎಂದ. ಬೋಸ್ಟನ್ನಿನ 31 ಮುಖ್ಯೋಪಾಧ್ಯಾಯರು 1844ರಲ್ಲಿ ಆತನ ವಿರುದ್ಧ ಪುಸ್ತಕವನ್ನೇ ಹೊರಡಿಸಿದರು. ಅಕ್ಷರ ಬಿಟ್ಟರೆ ಹೊಸ ಪದ ಎದುರಾದಾಗ ಮಗು ಏನು ಮಾಡಬೇಕು ಎಂಬುದು ಅವರ ಪ್ರಶ್ನೆ. ಮೆಕ್‌ಗಫಿ ಸರಣಿಯ 1879ರ ಪರಿಷ್ಕೃತ ಆವೃತ್ತಿ ಧ್ವನಿಯಿಂದಲೂ ಕಲಿಸಬಹುದು, ಪದದಿಂದಲೂ ಕಲಿಸಬಹುದು ಎಂದು ಎರಡೂ ಕಡೆ ಬಾಗಿಲು ತೆರೆದಿಟ್ಟಿತು.

ಇಪ್ಪತ್ತನೇ ಶತಮಾನದಲ್ಲಿ ಪದದ ಪಕ್ಷದ ಕೈ ಮೇಲಾಯಿತು. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1921ರಲ್ಲಿ ಹೆಚ್ಚು ಬಳಕೆಯಲ್ಲಿರುವ 10,000 ಇಂಗ್ಲಿಷ್ ಪದಗಳ ಪಟ್ಟಿ ಪ್ರಕಟಿಸಿದ. ಯಾವ ತರಗತಿಗೆ ಯಾವ ಪದ ಎಂದು ಅಳೆದು ಕೊಡಲು ಪ್ರಕಾಶಕರಿಗೆ ಒಂದು ತಕ್ಕಡಿ ಸಿಕ್ಕಿತು. 1930ರಲ್ಲಿ ಸ್ಕಾಟ್ ಫೋರ್ಸ್‌ಮನ್ ಸಂಸ್ಥೆಯ ಪುಸ್ತಕದಲ್ಲಿ ಡಿಕ್ ಮತ್ತು ಜೇನ್ ಎಂಬ ಅಣ್ಣ ತಂಗಿ ಕಾಣಿಸಿಕೊಂಡರು. ಅವರ ಕಲ್ಪನೆ ಜರ್ನಾ ಶಾರ್ಪ್ ಎಂಬಾಕೆಯದು, ಶೈಕ್ಷಣಿಕ ಹೊಣೆ ಷಿಕಾಗೊ ವಿಶ್ವವಿದ್ಯಾಲಯದ ವಿಲಿಯಂ ಗ್ರೇಯದು. ಬಣ್ಣದ ಚಿತ್ರ, ಕೆಲವೇ ಪದ, ಅವೇ ಪದಗಳು ಮತ್ತೆ ಮತ್ತೆ. ಮಗು ಪದದ ಆಕಾರವನ್ನೇ ಚಿತ್ರದಂತೆ ನೆನಪಿಡಬೇಕು. ಜೊತೆಗೆ ಅಭ್ಯಾಸ ಪುಸ್ತಕ, ಶಿಕ್ಷಕರು ಏನು ಹೇಳಬೇಕೆಂದು ಸೂಚಿಸುವ ಕೈಪಿಡಿ.

1950ರ ದಶಕದಲ್ಲಿ ಅಮೆರಿಕದ ಬಹುಪಾಲು ಒಂದನೇ ತರಗತಿಯ ಮಕ್ಕಳಿಗೆ ಇವರೇ ಗೆಳೆಯರು. ಡಿಕ್, ಜೇನ್ ಮನೆಯ ಮುಂದೆ ಹಸಿರು ಹುಲ್ಲು, ಅಪ್ಪನಿಗೆ ಕಾರು, ಎಲ್ಲರ ಮುಖವೂ ಬಿಳಿ. ಈ ಪುಸ್ತಕಗಳಲ್ಲಿ ಒಂದು ಕರಿಯ ಕುಟುಂಬಕ್ಕೆ ಜಾಗ ಸಿಕ್ಕಿದ್ದು 1965ರಲ್ಲಿ.

ಜಾನಿಗೇಕೆ ಓದು ಬಾರದು?

1955ರಲ್ಲಿ ಆಸ್ಟ್ರಿಯಾ ಮೂಲದ ರುಡಾಲ್ಫ್ ಫ್ಲೆಷ್ ಬರೆದ 'ವೈ ಜಾನಿ ಕಾಂಟ್ ರೀಡ್' ಸಿಡಿಮದ್ದಿನಂತೆ ಬಂತು. ಇಂಗ್ಲಿಷಿಗೆ ಅಕ್ಷರಮಾಲೆ ಇದೆ, ಆದರೆ ಚಿತ್ರಲಿಪಿಯೆಂಬಂತೆ ಅದನ್ನು ಕಲಿಸುತ್ತಿದ್ದೀರಿ ಎಂದು ಆತ ಗದರಿದ. ಅಕ್ಷರಕ್ಕೂ ಧ್ವನಿಗೂ ಇರುವ ನಂಟನ್ನು ಕ್ರಮವಾಗಿ ಕಲಿಸುವ 'ಫೋನಿಕ್ಸ್' ವಿಧಾನಕ್ಕೆ ಮರಳಬೇಕೆಂಬುದು ಅವನ ವಾದ. ಪುಸ್ತಕ ತಿಂಗಳುಗಟ್ಟಲೆ ಬಿಸಿಬಿಸಿಯಾಗಿ ಮಾರಾಟವಾಯಿತು. ಶಿಕ್ಷಣತಜ್ಞರಲ್ಲಿ ಹೆಚ್ಚಿನವರು ಕೆರಳಿದರು.

ಇದೇ ಹೊತ್ತಿಗೆ ಇನ್ನೊಂದು ದೂರೂ ಎದ್ದಿತ್ತು: ಈ ಪುಸ್ತಕಗಳು ಬರೀ ಬೇಸರ. 1954ರ ಲೈಫ್ ಪತ್ರಿಕೆಯಲ್ಲಿ ಜಾನ್ ಹರ್ಸಿ ಇದನ್ನೇ ಬರೆದ. ಹೌಟನ್ ಮಿಫ್ಲಿನ್ ಪ್ರಕಾಶನದ ವಿಲಿಯಂ ಸ್ಪಾಲ್ಡಿಂಗ್ ಒಂದು ಪದಪಟ್ಟಿಯನ್ನು 'ಡಾಕ್ಟರ್ ಸ್ಯೂಸ್' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಥಿಯೊಡೋರ್ ಗೈಸೆಲ್‌ಗೆ ಕೊಟ್ಟು, ಇಷ್ಟೇ ಪದಗಳಲ್ಲಿ ಮಕ್ಕಳು ಕೆಳಗಿಡಲಾಗದಂಥ ಕಥೆ ಬರೆ ಎಂದ. 1957ರಲ್ಲಿ ಬಂದ 'ದ ಕ್ಯಾಟ್ ಇನ್ ದ ಹ್ಯಾಟ್' ಪುಸ್ತಕದಲ್ಲಿರುವ ಬೇರೆ ಬೇರೆ ಪದಗಳು ಕೇವಲ 236. ಪದ ಕಡಿಮೆಯಾದರೆ ರುಚಿಯೂ ಕಡಿಮೆಯಾಗಬೇಕಿಲ್ಲ ಎಂಬುದನ್ನು ಆ ತುಂಟ ಬೆಕ್ಕು ತೋರಿಸಿಕೊಟ್ಟಿತು.

ಹಾರ್ವರ್ಡ್‌ನ ಜೀನ್ ಚಾಲ್ ಅದುವರೆಗಿನ ಸಂಶೋಧನೆಗಳನ್ನೆಲ್ಲ ಜರಡಿ ಹಿಡಿದು 1967ರಲ್ಲಿ ಪ್ರಕಟಿಸಿದ ಗ್ರಂಥ ಫ್ಲೆಷ್‌ನಷ್ಟು ಗಟ್ಟಿಯಾಗಿ ಕೂಗಲಿಲ್ಲ. ಆದರೆ ಆರಂಭದಲ್ಲಿ ಅಕ್ಷರ ಧ್ವನಿಗಳ ನಂಟನ್ನು ಸ್ಪಷ್ಟವಾಗಿ ಕಲಿಸುವುದೇ ಲೇಸು ಎಂದು ಹೇಳಿತು. ಜಗಳ ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಅದೇ 1967ರಲ್ಲಿ ಕೆನೆತ್ ಗುಡ್‌ಮನ್, ಓದುವುದೆಂದರೆ ಒಂದು ಬಗೆಯ ಊಹೆಯಾಟ ಎಂಬ ಸಿದ್ಧಾಂತ ಮಂಡಿಸಿದ. ಚಿತ್ರ, ಸಂದರ್ಭ, ವಾಕ್ಯದ ಓಟ ಇವುಗಳ ನೆರವಿನಿಂದ ಮಗು ಪದವನ್ನು ಊಹಿಸುತ್ತದೆ ಎಂಬುದು ಅದರ ತಿರುಳು. ಇದರಿಂದ ಬೆಳೆದ 'ಹೋಲ್ ಲ್ಯಾಂಗ್ವೇಜ್' ಚಳವಳಿ ತರಗತಿಗೆ ಒಳ್ಳೆಯ ಕಥೆಪುಸ್ತಕಗಳನ್ನು ತಂದಿತು, ಮಕ್ಕಳನ್ನು ಬರೆಯಲು ಹುರಿದುಂಬಿಸಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಚಿತ್ರದಲ್ಲಿ ಹಡಗಿದೆ, ಪುಟದಲ್ಲಿ 'ಬೋಟ್' ಎಂದಿದೆ, ಮಗು 'ಶಿಪ್' ಎಂದು ಓದಿದರೆ ಏನು ಮಾಡಬೇಕು? ಅರ್ಥ ಕೆಡಲಿಲ್ಲವಲ್ಲ ಎಂದು ಬಿಟ್ಟುಬಿಟ್ಟರೆ ಚಿತ್ರವಿಲ್ಲದ ಪುಟ ಬಂದ ದಿನ ಆ ಮಗುವಿಗೆ ದಾರಿ ಇರುವುದಿಲ್ಲ. ಮನೆಯಲ್ಲಿ ಪುಸ್ತಕಗಳಿದ್ದ, ಹೇಳಿಕೊಡುವ ತಾಯ್ತಂದೆಯರಿದ್ದ ಮಕ್ಕಳು ಹೇಗೋ ದಾಟಿದರು. ಇಲ್ಲದವರು ಕೆಳಗೇ ಉಳಿದರು.

1987ರಲ್ಲಿ ಈ ಹಾದಿ ಹಿಡಿದ ಕ್ಯಾಲಿಫೋರ್ನಿಯಾ, 1990ರ ದಶಕದ ರಾಷ್ಟ್ರೀಯ ಪರೀಕ್ಷೆಗಳಲ್ಲಿ ತೀರ ಕೆಳಗಿನ ಸಾಲಿನಲ್ಲಿ ನಿಂತಾಗ ಬೆಚ್ಚಿ ಹಿಂದೆ ಸರಿಯಿತು. 2000ದಲ್ಲಿ ಸಂಸತ್ತಿನ ಸೂಚನೆಯಂತೆ ರಚನೆಯಾದ ರಾಷ್ಟ್ರೀಯ ಓದು ಸಮಿತಿ ಕ್ರಮಬದ್ಧ ಫೋನಿಕ್ಸ್ ಪರವಾಗಿ ವರದಿ ಕೊಟ್ಟಿತು. ಅದರ ಜೊತೆಗೆ ನಿರರ್ಗಳ ಓದು, ಪದಸಂಪತ್ತು, ಅರ್ಥಗ್ರಹಿಕೆಗಳನ್ನೂ ಕಲಿಸಬೇಕೆಂದಿತು. ಅಂದರೆ ಎರಡೂ ಬೇಕು, ಆದರೆ ಮೊದಲ ಮೆಟ್ಟಿಲನ್ನು ಹಾರಿಸುವಂತಿಲ್ಲ.

ಏಣಿಯ ಬುಡದಲ್ಲಿ ನಿಂತವರು

ಬಡ ರಾಜ್ಯವೆಂದೇ ಹೆಸರಾದ ಮಿಸಿಸಿಪ್ಪಿ 2013ರಲ್ಲಿ ಒಂದು ಕಾನೂನು ಮಾಡಿತು. ಶಿಕ್ಷಕರಿಗೆ ಹೊಸದಾಗಿ ತರಬೇತಿ, ಹಿಂದುಳಿದ ಶಾಲೆಗಳಿಗೆ ಮಾರ್ಗದರ್ಶಕರು, ಓದಲು ಬಾರದ ಮಗುವನ್ನು ಮೊದಲೇ ಗುರುತಿಸಿ ನೆರವು. ಆ ವರ್ಷ ನಾಲ್ಕನೇ ತರಗತಿಯ ಓದಿನಲ್ಲಿ ರಾಜ್ಯದ ಸ್ಥಾನ 49. 2019ರ ಹೊತ್ತಿಗೆ ಅದು ರಾಷ್ಟ್ರೀಯ ಸರಾಸರಿಯ ಮಟ್ಟ ಮುಟ್ಟಿತು. ಮೂರನೇ ತರಗತಿಯಲ್ಲಿ ಓದು ಬಾರದ ಮಕ್ಕಳನ್ನು ಅಲ್ಲೇ ಉಳಿಸಿಕೊಳ್ಳುವ ಅದರ ನಿಯಮದ ಬಗ್ಗೆ ತಕರಾರುಗಳಿವೆ. ಆದರೂ ಹಲವು ರಾಜ್ಯಗಳು ಅದರ ಹಿಂದೆ ನಡೆದವು. ಊಹೆಯಾಟವನ್ನು ನೆಚ್ಚಿಕೊಂಡಿದ್ದ ಹೆಸರಾಂತ ಪಠ್ಯಸರಣಿಗಳೂ 2022ರಿಂದೀಚೆಗೆ ಫೋನಿಕ್ಸ್ ಪಾಠಗಳನ್ನು ಸೇರಿಸಿಕೊಂಡಿವೆ.

ಇಷ್ಟಾದರೂ 2024ರ ರಾಷ್ಟ್ರೀಯ ಪರೀಕ್ಷೆಯಲ್ಲಿ ಅಮೆರಿಕದ ನಾಲ್ಕನೇ ತರಗತಿಯ ಶೇಕಡ 40ರಷ್ಟು ಮಕ್ಕಳು ಓದಿನ 'ಮೂಲ' ಮಟ್ಟವನ್ನೂ ಮುಟ್ಟಲಿಲ್ಲ. ಜಗತ್ತಿನ ಶ್ರೀಮಂತ ದೇಶದಲ್ಲಿ, ಪುಸ್ತಕಕ್ಕೂ ಕಾರ್ಡಿಗೂ ಕಂಪ್ಯೂಟರಿಗೂ ಬರವಿಲ್ಲದ ತರಗತಿಗಳಲ್ಲಿ ಹೀಗೆ. ಕೋವಿಡ್ ಕಾಲದಲ್ಲಿ ಮುಚ್ಚಿದ ಶಾಲೆಗಳದೂ ಇದರಲ್ಲಿ ಪಾಲಿದೆ, ಆದರೆ ಇಳಿತ ಅದಕ್ಕೂ ಮೊದಲೇ ಶುರುವಾಗಿತ್ತು.

ಕೊಂಬಿನ ಹಲಗೆಯಿಂದ ಕಂಪ್ಯೂಟರ್ ಪರದೆಯವರೆಗಿನ ಈ ಚರಿತ್ರೆಯಲ್ಲಿ ಪ್ರತಿ ಪೀಳಿಗೆಯೂ ಹಿಂದಿನವರ ಒಂದು ತಪ್ಪನ್ನು ತಿದ್ದಿದೆ. ತಿದ್ದುವ ಆವೇಶದಲ್ಲಿ ಅವರ ಒಳ್ಳೆಯದನ್ನೂ ಎಸೆದಿದೆ. ಅಕ್ಷರದ ಪಕ್ಷದವರು ಮಗುವಿನ ಬೇಸರವನ್ನು ಗಮನಿಸಲಿಲ್ಲ. ಪದದ ಪಕ್ಷದವರು ಮಗುವಿನ ಗೊಂದಲವನ್ನು ಗಮನಿಸಲಿಲ್ಲ. ಎರಡೂ ಕಡೆಯ ಪುಸ್ತಕಗಳಿಂದ ಓದು ಕಲಿತ ಮಕ್ಕಳು ಬಹಳ ಮಂದಿ ಇದ್ದರು, ಅವರನ್ನು ತೋರಿಸಿ ಎರಡೂ ಪಕ್ಷಗಳು ಗೆದ್ದೆವು ಎಂದವು. ಲೆಕ್ಕಕ್ಕೆ ಬರಬೇಕಾಗಿದ್ದವರು ಕಲಿಯದೇ ಉಳಿದವರು. ರೊಟ್ಟಿ ಕೊಟ್ಟು ಅಕ್ಷರ ಕೊಂಡ ಡಗ್ಲಾಸ್‌ನಂಥ ಬಾಲಕ ಯಾವ ಪುಸ್ತಕದಿಂದಲಾದರೂ ಕಲಿಯಬಲ್ಲ. ಶಾಲೆ ಇರುವುದು, ತರಗತಿಗೊಂದು ಪುಸ್ತಕ ಇರುವುದು, ಅಷ್ಟು ಹಟವಿಲ್ಲದ ಸಾಮಾನ್ಯ ಮಗುವಿಗಾಗಿ.